ಬಾಣದ ದೀಪ ಸರಿ, ಉಪ್ಪುಗಾಳಿ?

ಕಟ್ಟಡಕ್ಕೆ ಬೆಂಕಿ ಬಿದ್ದಾಗ ಜನರಿಗೆ ಹೊರದಾರಿ ತೋರಿಸುವ ವ್ಯವಸ್ಥೆಗಳ ಬಗ್ಗೆ ನಿಮ್ಮ ಲೇಖನ ಓದಿದೆ. ಹೊಗೆ ಎಲ್ಲಿದೆಯೆಂದು ಸೆನ್ಸರ್ ನೋಡಿ, ದಾರಿ ತೋರಿಸುವ ಬಾಣದ ದೀಪ ದಿಕ್ಕು ಬದಲಿಸುತ್ತದೆ, ಅಗ್ನಿಶಾಮಕದವರಿಗೆ ಬಾಗಿಲಲ್ಲೇ ಮಹಡಿಯ ನಕ್ಷೆ ಸಿಗುತ್ತದೆ ಅಂತ ಬರೆದಿದ್ದೀರಿ. ಒಳ್ಳೆಯದೇ. ಆದರೆ ಕಾರವಾರದ ಉಪ್ಪುಗಾಳಿಗೆ ಗೇಟಿನ ಚಿಲಕವೇ ಎರಡು ಮಳೆಗಾಲ ತಾಳುವುದಿಲ್ಲ ಮಾರಾಯ್ರೆ, ಸೆನ್ಸರ್ ಎಷ್ಟು ದಿನ? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ಆರಿಸಲು ನೀರು ಬಿಡುವ ಹೈಡ್ರಂಟ್ ವಾಲ್ವ್ ತುಕ್ಕು ಹಿಡಿದು ತಿರುಗುವುದೇ ಇಲ್ಲ. ಮೆಟ್ಟಿಲ ತಿರುವಿನಲ್ಲಿ ಹಳೆ ಸೋಫಾ, ಯಾರದೋ ಮೀನಿನ ಐಸ್ ಬಾಕ್ಸ್.

ನನಗೆ ಹಿಡಿಸಿದ್ದು ಕತ್ತಲಲ್ಲಿ ತಾನೇ ಹೊಳೆಯುವ ಪಟ್ಟಿ. ದೀಪದ ಬೆಳಕು ಹೀರಿಟ್ಟುಕೊಂಡು, ಕರೆಂಟು ಹೋದಮೇಲೂ ದಾರಿ ತೋರಿಸುತ್ತದೆ. ಗೋಡೆಯ ಬುಡದಲ್ಲೇ ಅಂಟಿಸಬೇಕು; ಹೊಗೆ ಮೊದಲು ಚಾವಣಿಗೆ ಏರುವುದರಿಂದ ಬಾಗಿಲ ಮೇಲಿನ ಎಕ್ಸಿಟ್ ಬೋರ್ಡೇ ಮೊದಲು ಮರೆಯಾಗುವುದು. ಮುಂದಿನ ಮೀಟಿಂಗಿನಲ್ಲಿ ಕೇಳುತ್ತೇನೆ. ಸೋಫಾ ಯಾರದು ಅಂತಲೂ.