ಮರವಿಲ್ಲದ ಬಯಲಿನಲ್ಲಿ ಎರಡು ರಾತ್ರಿ

ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ನೆಲೆಸಿ ಒಂಬತ್ತು ವರ್ಷಗಳಾದ ಮೇಲೆ, ಕಳೆದ ಚಳಿಗಾಲದಲ್ಲಿ ನಾನೂ ನನ್ನ ಹೆಂಡತಿಯೂ ಇಂಡಿಯನ್ ಪೆಸಿಫಿಕ್ ರೈಲು ಹತ್ತಿ ಪರ್ತ್‌ಗೆ ಹೋದೆವು. ಸಿಡ್ನಿಯಿಂದ ಪರ್ತ್‌ವರೆಗೆ 4,352 ಕಿಲೋಮೀಟರ್ ಓಡುವ ಈ ರೈಲಿನ ಹೆಸರಿನಲ್ಲಿರುವ ‘ಇಂಡಿಯನ್’ ಹಿಂದೂ ಮಹಾಸಾಗರಕ್ಕೆ ಸೇರಿದ್ದೇ ಹೊರತು ನಮಗಲ್ಲ. ಕಲಬುರಗಿಯಿಂದ ದೆಹಲಿಗೆ ನಾಲ್ಕು ವರ್ಷ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಓಡಾಡಿದ ನನಗೆ ಮಲಗಿ ಹೋಗುವ ರೈಲೆಂದರೆ ಅದೊಂದೇ ಅಳತೆಗೋಲು.

ಅಲ್ಲಿ ನಡುವಿನ ಬರ್ತ್ ಎತ್ತಬೇಕಾದರೆ ಕೆಳಗೆ ಕುಳಿತ ಮೂವರೂ ಏಳಬೇಕು. ಮಂಡಿನೋವಿನ ಅಜ್ಜಿಗೆ ಕೆಳಗಿನ ಬರ್ತ್ ಬಿಟ್ಟುಕೊಡುವವರಾರೆಂಬ ಮಾತುಕತೆ ಮುಗಿದು, ಸೊಲ್ಲಾಪುರ ದಾಟುವ ಹೊತ್ತಿಗೆ ಯಾರದೋ ಶೇಂಗಾ ಚಟ್ನಿಯ ಡಬ್ಬಿ ನಮ್ಮ ರೊಟ್ಟಿಯ ಪಕ್ಕಕ್ಕೆ ಬಂದಿರುತ್ತಿತ್ತು. ಇಲ್ಲಿ ನಾವು ಊಟಕ್ಕೆ ಹೋಗಿ ಬರುವುದರೊಳಗೆ ಸಿಬ್ಬಂದಿಯೊಬ್ಬರು ಗೋಡೆಯೊಳಗಿನ ಹಾಸಿಗೆಗಳನ್ನು ಇಳಿಸಿ, ಮಡಿಯಾದ ಹೊದಿಕೆ ಹೊದಿಸಿ, ಮೇಲಿನದಕ್ಕೊಂದು ಏಣಿ ಸಿಕ್ಕಿಸಿ ಹೋಗಿದ್ದರು. ಬಾಗಿಲು ಹಾಕಿಕೊಂಡರೆ ರೈಲಿನಲ್ಲಿ ನಾವಿಬ್ಬರೇ. ಆ ರಾತ್ರಿ ಬಂದ ನಿದ್ದೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಒಮ್ಮೆಯೂ ಬಂದಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಮರುದಿನ ಕಣ್ಣು ಬಿಟ್ಟಾಗ ಹೊರಗೆ ನಲ್ಲರ್‌ಬೋರ್. ಮರವಿಲ್ಲದ್ದು ಎಂಬ ಲ್ಯಾಟಿನ್ ಮಾತಿನಿಂದ ಬಂದ ಹೆಸರು. ಸುಣ್ಣಕಲ್ಲಿನ ಈ ಬಯಲಿನಲ್ಲಿ ಬಿದ್ದ ಅಷ್ಟಿಷ್ಟು ಮಳೆಯೂ ನೆಲದೊಳಗೆ ಇಂಗಿಹೋಗುವುದರಿಂದ ಹರಿಯುವ ಹೊಳೆಯಿಲ್ಲ, ದಾಟಬೇಕಾದ ಗುಡ್ಡವಿಲ್ಲ. ಆದ್ದರಿಂದಲೇ ಹಳಿ 478 ಕಿಲೋಮೀಟರ್ ಎಲ್ಲಿಯೂ ಬಾಗದೆ ಸಾಗುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೆಚ್ಚುಕಡಿಮೆ ಇಷ್ಟೇ ದೂರ. ಅಷ್ಟೂ ದಾರಿಯನ್ನು ಒಂದೂ ತಿರುವಿಲ್ಲದೆ, ಒಂದೂ ಊರಿಲ್ಲದೆ ಊಹಿಸಿಕೊಂಡರೆ ಇದರ ಅಂದಾಜು ಸಿಕ್ಕೀತು. ಮೊಣಕಾಲೆತ್ತರದ ಬೂದು ಪೊದೆಗಳ ಹೊರತು ಕಣ್ಣಿಗೆ ಆಧಾರವೇ ಇಲ್ಲ. ಬಯಲುಸೀಮೆಯವನೆಂದು ಹೇಳಿಕೊಳ್ಳುತ್ತಿದ್ದ ನನಗೆ ಬಯಲೆಂದರೇನೆಂದು ಅಂದು ತಿಳಿಯಿತು.

ಎಂಜಿನ್ನಿಗೆ ಡೀಸೆಲ್ ತುಂಬಲು, ಚಾಲಕರು ಬದಲಾಗಲು ರೈಲು ಕುಕ್ ಎಂಬಲ್ಲಿ ನಿಂತಿತು. ಒಂದು ಕಾಲಕ್ಕೆ ಶಾಲೆ, ಆಸ್ಪತ್ರೆ ಇದ್ದ ರೈಲ್ವೆ ಊರದು. 1997ರಲ್ಲಿ ಮುಚ್ಚಿಹೋಗಿ, ಈಗ ಬಹುತೇಕ ಖಾಲಿ. ಎರಡು ಪುಟ್ಟ ಹಳೆಯ ಲಾಕಪ್ ಕೋಣೆಗಳು ಬಿಸಿಲಿನಲ್ಲಿ ಒಣಗುತ್ತ ನಿಂತಿವೆ. ಚಹಾ ಮಾರುವವನ ಕೂಗಿಲ್ಲದ ನಿಲ್ದಾಣದಲ್ಲಿ ಏನು ಮಾಡಬೇಕೆಂದು ತೋಚದೆ, ಮುಖಕ್ಕೆ ಮುತ್ತುವ ನೊಣಗಳನ್ನು ಓಡಿಸುತ್ತ ಅರ್ಧ ಗಂಟೆ ಕಳೆದೆವು.

ಆಗಲೇ ಗಮನಿಸಿದ್ದು: ಇಳಿದವರಲ್ಲಿ ಹೆಚ್ಚಿನವರು ನಿವೃತ್ತರು, ಎಲ್ಲರೂ ಪ್ರವಾಸಿಗರು. ಊರಿಗೆ ಹೋಗುತ್ತಿದ್ದವರು ಒಬ್ಬರೂ ಇರಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾ 1901ರಲ್ಲಿ ಒಕ್ಕೂಟ ಸೇರುವಾಗ ಅದಕ್ಕೆ ತೋರಿಸಿದ ಆಸೆಗಳಲ್ಲಿ ಈ ಹಾದಿಯೂ ಒಂದು. ಸರ್ಕಾರದ ಹಣದಲ್ಲಿ ಕೆಲಸ ನಡೆದು 1917ರ ಅಕ್ಟೋಬರಿನಲ್ಲಿ ಎರಡು ತುದಿಗಳು ಕೂಡಿದವು. ಆದರೆ ಕುಳಿತು ಹೋಗುವವರ ಅಗ್ಗದ ಬೋಗಿ 2016ರಲ್ಲಿ ನಿಂತುಹೋಯಿತು. ಈಗ ಉಳಿದಿರುವುದು ಊಟ, ಪಾನೀಯ, ಸುತ್ತಾಟ ಎಲ್ಲವನ್ನೂ ಸೇರಿಸಿದ, ತಲೆಗೆ ಸಾವಿರಾರು ಡಾಲರಿನ ಟಿಕೆಟ್. ಬಯಲಿನ ಪಶ್ಚಿಮಕ್ಕಿರುವ ಗಣಿಯೂರು ಕಾಲ್ಗುರ್ಲಿಯಿಂದ ಪರ್ತ್‌ಗೆ ಸಾಮಾನ್ಯರ ಹಗಲು ರೈಲು ಇದೆ; ಮರುಭೂಮಿಯನ್ನು ದಾಟಿಸುವ ಅಂಥ ರೈಲು ಇಲ್ಲ. ಗಂಡನೂರಿಗೆ ಹೊರಟ ಮಗಳೂ ಪರೀಕ್ಷೆ ಬರೆಯಲು ಹೊರಟ ಹುಡುಗನೂ ಹತ್ತಲಾಗದ ರೈಲನ್ನು, ಅದೆಷ್ಟೇ ಸೊಗಸಾಗಿರಲಿ, ನೆಲದ ಮೇಲಿನ ವಿಹಾರ ಹಡಗು ಎಂದು ಕರೆಯಬಹುದೇ ಹೊರತು ರೈಲೆನ್ನಲು ನನಗೆ ಮನಸ್ಸಾಗದು. ನಮ್ಮಲ್ಲಿ ಶೌಚಾಲಯದ ಬಾಗಿಲಲ್ಲಿ ಕುಳಿತು ಊರು ಸೇರುವವರಿದ್ದಾರೆ, ನಿಜ; ಅದು ಹೊಗಳುವ ಸಂಗತಿಯಲ್ಲ. ಆದರೂ ಅವರು ಹೊರಟಿರುವುದು ಅದೇ ರೈಲಿನಲ್ಲಿ.

ಪರ್ತ್‌ನಿಂದ ವಿಮಾನದಲ್ಲಿ ಹಿಂದಿರುಗಿದೆವು. ರೈಲಿಗೆ ಕೊಟ್ಟ ಹಣದಲ್ಲಿ ಚೂರುಪಾರಷ್ಟೇ ಅದಕ್ಕೆ ಸಾಕಾಯಿತು. ಫೋನಿನಲ್ಲಿ ಅವ್ವ ಮೊದಲು ಕೇಳಿದ್ದು ಮರುಭೂಮಿಯ ಸುದ್ದಿಯನ್ನಲ್ಲ. “ಜೋಡಿ ಯಾರ್ ಇದ್ರಪಾ?” ಎಂದಳು. ಊಟದ ಬೋಗಿಯ ನಾಲ್ವರ ಮೇಜಿನಲ್ಲಿ ನಮ್ಮೆದುರು ಕೂರಿಸಲಾಗಿದ್ದ ಗೋಧಿ ಬೆಳೆಯುವ ವೃದ್ಧ ದಂಪತಿಯ ಬಗ್ಗೆ ಹೇಳಿದೆ. ಅವರಿಗೆ ಮಕ್ಕಳೆಷ್ಟು ಎಂದು ಅವ್ವ ಕೇಳಿದಳು. ನಾನು ವಿಚಾರಿಸಿರಲಿಲ್ಲ.