ಬ್ರೇಕಿಗೊಂದು ಬಣ್ಣ

ತೀರ್ಥಹಳ್ಳಿ ಕಡೆಯ ನನ್ನ ಗೆಳೆಯನ ಮನೆಯಲ್ಲಿ ಅಜ್ಜನ ಕಾಲದ ಅಂಬಾಸಿಡರ್ ಇದೆ. ಅದರ ಬ್ರೇಕಿನ ಸಾಮಾನಿಗೆ ಮೊದಲು ಯಾವ ಬಣ್ಣ ಇತ್ತು ಅಂತ ಅವನು ತಲೆ ಕೆಡಿಸಿಕೊಂಡಿದ್ದಾನೆ. ಮನೆ ಗೋಡೆ ಸುಣ್ಣ ಕಂಡು ವರ್ಷಗಳಾದವು, ಅದು ಬೇರೆ ಮಾತು.

ಚಕ್ರ ಹಾಕಿದ ಮೇಲೆ ಇದೆಲ್ಲ ಯಾರಿಗೆ ಕಾಣಬೇಕು? ಕಾಣದಿದ್ದರೂ ಅವನಿಗೆ ಅಸಲಿಯೇ ಬೇಕು. ಅಸಲಿಯ ಸಾಕ್ಷಿ ಸಿಗುವುದು ಕೊಳೆಯ ಅಡಿಯಲ್ಲಿ. ಬ್ರೇಕ್ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಬಿಚ್ಚಿದರೆ, ಹಿಂದಿನ ತಟ್ಟೆಗೆ ಅದು ಒತ್ತಿಕೊಂಡಿದ್ದ ಜಾಗದಲ್ಲಿ ಗಾಳಿ ನೀರು ಸೋಕದೆ ಹಳೆಯ ಕಪ್ಪು ಹಾಗೇ ಉಳಿದಿರುತ್ತದೆ. ಅಲ್ಲಿನ ಧೂಳನ್ನು ಮಾತ್ರ ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಶೂ ಮೇಲಿನ ಉಜ್ಜುವ ಪಟ್ಟಿ, ಅಂದರೆ ಹಳೆ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಉಸಿರಿಗೆ ಹೋದರೆ ಕೇಡು.

ಆ ಕಾಲದ ಕಾರುಗಳ ಚಿಕ್ಕಪುಟ್ಟ ಉಕ್ಕಿನ ಸಾಮಾನಿಗೆ ಕ್ಯಾಡ್ಮಿಯಂ ಇಲ್ಲವೇ ಸತುವಿನ ಲೇಪ ಇರುತ್ತಿತ್ತು. ಅದರ ಮೇಲೆ ಎಷ್ಟೋ ಸಲ ಕ್ರೋಮೇಟ್ ದ್ರಾವಣದ ಹಳದಿ. ಓರೆ ಮಾಡಿ ಹಿಡಿದರೆ ಅಂಚಿನಲ್ಲಿ ಹಸಿರು, ಗುಲಾಬಿ ಮಿಂಚುತ್ತದೆ. ಇದು ಬ್ರಷ್ಷಿನಲ್ಲಿ ಬಳಿಯುವ ಬಣ್ಣ ಅಲ್ಲ. ಅಡಿಕೆಗೆ ಚೊಗರು ಕೊಟ್ಟ ಹಾಗೆ, ಅದ್ದಿ ಹಿಡಿಸುವ ಬಣ್ಣ. ಕ್ಯಾಡ್ಮಿಯಂ ವಿಷ, ಹಾಗಾಗಿ ಈಗ ಸತುವೇ ಗತಿ. ಆದರೆ ಪ್ಲೇಟಿಂಗ್ ಅಂಗಡಿಗೆ ಕೊಟ್ಟರೆ ಮೊದಲು ಬಫ್ ಹೊಡೆದು ಫಳಫಳ ಮಾಡಿಬಿಡುತ್ತಾರೆ. ಕಾರ್ಖಾನೆಯಿಂದ ಬಂದಾಗ ಇಷ್ಟು ಹೊಳಪು ಇರಲೇ ಇಲ್ಲ! ಜಾಸ್ತಿ ಹೊಳೆದರೆ ಅದು ರಿಪೇರಿ ಅಲ್ಲ, ಶೋಕಿ ಅಂತ ನನ್ನ ಅಭಿಪ್ರಾಯ.

ಬ್ರೇಕ್ ಶೂ ಹಿಂದಕ್ಕೆ ಎಳೆಯುವ ಸ್ಪ್ರಿಂಗಿನ ವಿಷಯದಲ್ಲಿ ಮಾತ್ರ ನಾನು ಗೆಳೆಯನ ಜೊತೆ ಜಗಳಕ್ಕೇ ನಿಂತೆ. ಆಸಿಡ್ಡಿನಲ್ಲಿ ತುಕ್ಕು ಬಿಡಿಸುವಾಗ, ಲೇಪ ಹಾಕುವಾಗ ಹೈಡ್ರೋಜನ್ ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ಗಟ್ಟಿ ಉಕ್ಕು ಪೆಡಸಾಗಿ, ಯಾವತ್ತೋ ಒಂದು ದಿನ ಪಟ್ ಅಂತ ಮುರಿಯಬಹುದು. ಲೇಪ ಆದ ಕೂಡಲೇ ಸುಮಾರು 190 ಡಿಗ್ರಿ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಅದನ್ನು ಹೊರಹಾಕಬೇಕು. ಸಣ್ಣ ಅಂಗಡಿಯಲ್ಲಿ ಅಷ್ಟು ತಾಳ್ಮೆ ಯಾರಿಗಿದೆ? ಸುಮ್ನೆ ಹೊಸ ಸ್ಪ್ರಿಂಗ್ ಹಾಕುವುದೇ ಮೇಲು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು ಇಳಿಯುವಾಗ ಸ್ಪ್ರಿಂಗಿನ ಬಣ್ಣ ನೆನಪಾಗುವುದಿಲ್ಲ.

ಚಕ್ರದ ಜೊತೆ ತಿರುಗುವ ಬ್ರೇಕ್ ಡ್ರಮ್ಮಿನದು ಇನ್ನೊಂದು ಪಜೀತಿ. ಅದು ಬೀಡು ಕಬ್ಬಿಣ. ಬರಿ ಕಬ್ಬಿಣವನ್ನು ಹಾಗೇ ಬಿಟ್ಟರೆ ನಮ್ಮ ಆಷಾಢದಲ್ಲಿ ರಾತ್ರಿ ಕಳೆಯುವುದರೊಳಗೆ ಕೆಂಪಗಾಗುತ್ತದೆ. ಕೊನೆಗೆ ಗೆಳೆಯ ಬೀಡಿನದೇ ಬೂದು ಬಣ್ಣದ, ಬಿಸಿ ತಡೆಯುವ ಪೇಂಟ್ ಹೊಡೆದ. ಹೊರಮೈಗೆ ಮಾತ್ರ. ಶೂ ಉಜ್ಜುವ ಒಳಮೈಗೆ ಪೇಂಟೂ ಇಲ್ಲ, ಎಣ್ಣೆಯೂ ಇಲ್ಲ. ಅದು ತುಕ್ಕು ಹಿಡಿದರೂ ನಾಲ್ಕು ಸಲ ಬ್ರೇಕ್ ಒತ್ತಿದರೆ ತಾನೇ ಬೆಳ್ಳಗಾಗುತ್ತದೆ.

ಇಷ್ಟೆಲ್ಲ ಸಿಂಗಾರದ ಶತ್ರು ಬ್ರೇಕ್ ಆಯಿಲ್. ಡಾಟ್ 3 ಅನ್ನುವ ಜಾತಿಯ ಆಯಿಲ್ ಒಂದು ಹನಿ ಬಿದ್ದು ಹಾಗೇ ಉಳಿದರೆ ಪೇಂಟ್ ಗುಳ್ಳೆ ಎದ್ದು ಕಿತ್ತು ಬರುತ್ತದೆ. ಪುಣ್ಯಕ್ಕೆ ಅದು ನೀರಿನಲ್ಲಿ ತೊಳೆದು ಹೋಗುತ್ತದೆ. ಹಾಗಾಗಿ ಅವರ ಮನೆಯಲ್ಲಿ ಬ್ಲೀಡಿಂಗ್ ಮಾಡಲು, ಅಂದರೆ ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ಬಿಡಲು, ಮೂರು ಜನ ಬೇಕು. ಪೆಡಲ್ ಒತ್ತಲು ಒಬ್ಬ, ಗಾಳಿ ಹೊರಬಿಡುವ ನಿಪ್ಪಲ್ ಬಿಚ್ಚಲು ಒಬ್ಬ, ಒದ್ದೆ ಬಟ್ಟೆ ಹಿಡಿದು ನಿಲ್ಲಲು ಇನ್ನೊಬ್ಬ. ಬಟ್ಟೆಯ ಖಾತೆ ನನ್ನದು.