ಗ್ರಹಣದ ನಡುವೆ ನನ್ನ ಲೈವ್ ಕತ್ತರಿಸಿದವರಿಗೆ

ಮೂರು ದಿನ ಆಯ್ತು, ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣ. ಚಂದ್ರ ಪೂರ್ತಿ ನೆರಳಿನೊಳಗೆ ಇರುವ ಹೊತ್ತೇ 82 ನಿಮಿಷ. ಇಷ್ಟು ಉದ್ದದ ಗ್ರಹಣ ಪದೇ ಪದೇ ಬರುವುದಿಲ್ಲ. ನನ್ನ ಹತ್ತಿರ ಒಂದು ಸಣ್ಣ ಟೆಲಿಸ್ಕೋಪ್ ಇದೆ. ಅದಕ್ಕೆ ಕ್ಯಾಮೆರಾ ಕೂರಿಸಿ ಲೈವ್ ಕೊಡುವುದು ನನ್ನ ಹವ್ಯಾಸ. ದುಡ್ಡಿಗಾಗಿ ಅಲ್ಲ, ಹೆಸರಿಗಾಗಿಯೂ ಅಲ್ಲ. ಆವತ್ತು ನೋಡುತ್ತಿದ್ದವರು 14 ಜನ. ಅವರಲ್ಲಿ ಒಬ್ಬರು ನನಗೆ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು. ಮಂಡಿನೋವು ಅವರಿಗೆ, ಮೆಟ್ಟಿಲು ಹತ್ತಲು ಆಗುವುದಿಲ್ಲ. "ನೀನು ತೋರಿಸಿದರೆ ಮಂಚದ ಮೇಲೆ ಕೂತೇ ನೋಡ್ತೀನಿ ಕಣಪ್ಪ" ಅಂದಿದ್ದರು. ಒಂದು ವಾರ ಇದಕ್ಕೇ ತಯಾರಿ ಮಾಡಿದ್ದೆ.

ಪೂರ್ಣ ಗ್ರಹಣ ಶುರುವಾಗಿ ಹನ್ನೊಂದನೇ ನಿಮಿಷ. ಅಂಚಿನ ಕೊನೆಯ ಬೆಳ್ಳಿಗೆರೆ ಅಳಿಸಿಹೋಗಿತ್ತು. ಚಂದ್ರ ಹಳೇ ತಾಮ್ರದ ತಂಬಿಗೆಯ ಬಣ್ಣಕ್ಕೆ ತಿರುಗಿದ್ದ. ಫೋಕಸ್ ಗುಂಡಿಯ ಮೇಲೆ ಬೆರಳಿಟ್ಟು, ಕೂದಲೆಳೆಯಷ್ಟು ತಿರುಗಿಸುತ್ತಾ, ಕೆಳಗಿನ ಒಂದು ಕುಳಿ ಸ್ಪಷ್ಟವಾಗಲಿ ಅಂತ ಉಸಿರು ಹಿಡಿದು ನಿಂತಿದ್ದೆ. ಲ್ಯಾಪ್‌ಟಾಪಿನಲ್ಲಿ ಹಸಿರು ಚುಕ್ಕೆ ಹೋಗಿ ಕೆಂಪು ಪಟ್ಟಿ ಬಂತು. ನಿಮ್ಮ ಪ್ರಸಾರದಲ್ಲಿ ಬೇರೆಯವರ ವಿಡಿಯೊ ಇದೆ, ನಿಲ್ಲಿಸಲಾಗಿದೆ ಅಂತ. ಅಷ್ಟೇ. ಯಾರ ವಿಡಿಯೊ, ಎಷ್ಟನೇ ನಿಮಿಷದಲ್ಲಿ, ಒಂದೂ ಇಲ್ಲ.

ಬೇರೆಯವರ ವಿಡಿಯೊ! ನನ್ನ ಕೈ ಟೆಲಿಸ್ಕೋಪಿನ ಮೇಲಿದೆ, ಚಂದ್ರ ತಲೆಯ ಮೇಲಿದ್ದಾನೆ. ಆವತ್ತು ಸಾವಿರಾರು ಕ್ಯಾಮೆರಾಗಳು ಅದೇ ಚಂದ್ರನ ಕಡೆ ತಿರುಗಿದ್ದವು. ಕಪ್ಪು ಹಿನ್ನೆಲೆ, ನಡುವೆ ಒಂದು ಕೆಂಪು ಉಂಡೆ. ಹೋಲಿಸಿ ನೋಡುವ ಯಂತ್ರಕ್ಕೆ ನನ್ನದೂ ಯಾವುದೋ ದೊಡ್ಡ ಚಾನೆಲ್‌ನದೂ ಒಂದೇ ಥರ ಕಂಡಿರಬೇಕು. ಯಂತ್ರ ತಪ್ಪು ಮಾಡಬಹುದು, ಒಪ್ಪುತ್ತೇನೆ. ಆದರೆ ತಪ್ಪು ಅಂತ ಹೇಳಲು ಒಬ್ಬ ಮನುಷ್ಯನಾದರೂ ಬೇಡವಾ? ಮೇಲ್ಮನವಿ ಫಾರಂ ತುಂಬಿದೆ. "ಕೆಲವು ದಿನಗಳಲ್ಲಿ ಉತ್ತರಿಸುತ್ತೇವೆ" ಅಂತ ಬಂತು. ಗ್ರಹಣ ಕೆಲವು ದಿನ ಕಾಯುತ್ತದಾ?

ಈ ಸೇವೆಯನ್ನು ನಾನು ಕಣ್ಣುಮುಚ್ಚಿ ಆರಿಸಿದ್ದಲ್ಲ. ಲೈವ್ ಸೇವೆಗಳಲ್ಲಿ ಯಾವುದು ಒಳ್ಳೆಯದು ಅನ್ನುವ ಹೋಲಿಕೆ ಲೇಖನಗಳನ್ನು ಹತ್ತಾದರೂ ಓದಿದ್ದೆ. ಎಲ್ಲದರಲ್ಲೂ ಅದೇ ಕೋಷ್ಟಕ. 4ಕೆ ಇದೆಯಾ, ಎಷ್ಟು ಅತಿಥಿಗಳನ್ನು ಸೇರಿಸಬಹುದು, ಲೋಗೋ ಹಾಕಬಹುದಾ, ತಿಂಗಳಿಗೆ ಎಷ್ಟು. ಹಸಿರು ಟಿಕ್, ಕೆಂಪು ಇಂಟು. ನಡುವೆ ಕಡಿದರೆ ಯಾರನ್ನು ಕೇಳಬೇಕು, ಎಷ್ಟು ಹೊತ್ತಿನಲ್ಲಿ ಉತ್ತರ ಬರುತ್ತದೆ ಅನ್ನುವ ಸಾಲು ಒಂದೇ ಒಂದು ಕೋಷ್ಟಕದಲ್ಲೂ ಇರಲಿಲ್ಲ. ಅವನ್ನು ಬರೆಯುವವರು ಲಕ್ಷಾಂತರ ನೋಡುಗರಿರುವವರನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಾರೆ. ಹದಿನಾಲ್ಕು ಜನರಿಗೆ ತೋರಿಸುವವರ ಕಷ್ಟ ಬೇರೆಯೇ ಇದೆ.

ಮೊದಲ ಕಷ್ಟ ಒಳಗೆ ಕಾಲಿಡುವುದು. ಒಂದೊಂದರ ಹೊಸ್ತಿಲೂ ಒಂದೊಂದು ಎತ್ತರ. ಯೂಟ್ಯೂಬ್‌ನಲ್ಲಿ ಕಂಪ್ಯೂಟರ್‌ನಿಂದ ಲೈವ್ ಕೊಡಲು ಸಬ್‌ಸ್ಕ್ರೈಬರ್ ಲೆಕ್ಕ ಬೇಕಿಲ್ಲ, ಆದರೆ ಫೋನ್ ನಂಬರ್ ದೃಢಪಡಿಸಬೇಕು, ಮೊದಲ ಸಲ 24 ಗಂಟೆವರೆಗೂ ಕಾಯಬೇಕಾಗಬಹುದು. ಅದೇ ಕೆಲಸ ಮೊಬೈಲ್‌ನಿಂದ ಮಾಡಲು 50 ಸಬ್‌ಸ್ಕ್ರೈಬರ್ ಬೇಕು. ಫೇಸ್‌ಬುಕ್‌ನಲ್ಲಿ 2024ರಿಂದ ಖಾತೆಗೆ 60 ದಿನ ಆಗಿರಬೇಕು, ಪೇಜಿಗೆ 100 ಫಾಲೋವರ್ ಇರಬೇಕು. ಇನ್‌ಸ್ಟಾಗ್ರಾಂ 2025ರ ಆಗಸ್ಟ್‌ನಲ್ಲಿ 1,000 ಫಾಲೋವರ್ ಇದ್ದವರಿಗೆ ಮಾತ್ರ ಲೈವ್ ಅಂತ ಮಾಡಿತು. ದುರುಪಯೋಗ ತಡೆಯಲು ಏನಾದರೂ ಬೇಕು, ಸರಿ. ಆದರೆ ಸಾವಿರ ಜನ ಹಿಂದೆ ಬಂದ ಮೇಲೆ ಅವನು ಹವ್ಯಾಸಿ ಹೇಗಾಗುತ್ತಾನೆ? ಈಜು ಕಲಿತು ಬಾ, ಆಮೇಲೆ ನೀರಿಗಿಳಿ ಅಂದ ಹಾಗೆ. ಆವತ್ತು ನನ್ನ ಲೈವ್ ಕಡಿದಾಗ ಬೇರೆ ಕಡೆ ಹಾರೋಣ ಅಂದರೆ, ಎಲ್ಲೂ ತಯಾರಾದ ಖಾತೆ ಇರಲಿಲ್ಲ. ಈ ಮೂರರಲ್ಲೂ ನಿಂತ ಕಾಲ ಮೇಲೆ ಖಾತೆ ತೆರೆದು ಲೈವ್ ಹೋಗುವುದು ಕಷ್ಟ.

ಇನ್ನು ಚಿತ್ರದ ವಿಷಯ. ಇದು ನನ್ನ ಹೊಟ್ಟೆ ಉರಿಸುವ ವಿಷಯ, ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. "ಫುಲ್ ಎಚ್‌ಡಿ ಸಿಗುತ್ತದೆ" ಅಂತ ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ. 1080 ಸಾಲಿನ ಚಿತ್ರವನ್ನು ಸೆಕೆಂಡಿಗೆ ಎಷ್ಟು ಡೇಟಾದಲ್ಲಿ ಕಳಿಸುತ್ತೀರಿ ಅನ್ನುವುದು ಮುಖ್ಯ. ಆಟಗಳ ಲೈವ್‌ಗೆ ಹೆಸರಾದ ಟ್ವಿಚ್ ಸೇವೆ ಬಹಳ ಕಾಲ ಎಲ್ಲರಿಗೂ ಹೇಳಿಕೊಂಡು ಬಂದ ಮಿತಿ 6,000 ಕೆಬಿಪಿಎಸ್, ಅಂದರೆ ಸೆಕೆಂಡಿಗೆ ಅಷ್ಟು ಕಿಲೋಬಿಟ್. ನಾನು 4,500ರಲ್ಲಿ ಕಳಿಸುತ್ತಿದ್ದೆ. ಗಂಟೆಗೆ ಸುಮಾರು 2 ಜಿಬಿ ಅಪ್‌ಲೋಡ್ ಅದು. ನೆಟ್ ಕಂಪನಿಗಳು ದೊಡ್ಡಕ್ಷರದಲ್ಲಿ ಹಾಕುವುದು ಡೌನ್‌ಲೋಡ್ ವೇಗ, ನಮಗೆ ಬೇಕಾದದ್ದು ಅಪ್‌ಲೋಡ್, ಇದನ್ನೂ ಆ ಲೇಖನಗಳು ಸರಿಯಾಗಿ ಹೇಳುವುದಿಲ್ಲ.

ಚಂದ್ರ ಬೆಳ್ಳಗಿದ್ದಾಗ ಅಷ್ಟು ಡೇಟಾ ಧಾರಾಳ ಸಾಕು. ಚಿತ್ರದಲ್ಲಿ ಏನೂ ಅಲುಗಾಡುವುದಿಲ್ಲ ನೋಡಿ. ಕೆಂಪಾದ ಕೂಡಲೇ ಕಥೆ ಬದಲಾಗುತ್ತದೆ. ಬೆಳಕು ಸಾಲದು, ಕ್ಯಾಮೆರಾದ ಐಎಸ್‌ಒ, ಅಂದರೆ ಬೆಳಕು ಹಿಡಿಯುವ ಸೂಕ್ಷ್ಮತೆ, ಏರಿಸಬೇಕು. ಏರಿಸಿದರೆ ಕಪ್ಪು ಜಾಗದಲ್ಲೆಲ್ಲಾ ಮರಳು ಎರಚಿದ ಹಾಗೆ ಚುಕ್ಕೆಗಳು ಕುಣಿಯುತ್ತವೆ. ಸೇವೆಯವರು ಚಿತ್ರವನ್ನು ಇನ್ನೊಮ್ಮೆ ಹಿಂಡುವಾಗ ಡೇಟಾ ಎಲ್ಲಾ ಆ ಚುಕ್ಕೆಗಳಿಗೇ ಖರ್ಚು. ಚಂದ್ರನ ಮೈಮೇಲೆ ಕೆಂಪಿನಿಂದ ಕಂದಿಗೆ ನಯವಾಗಿ ಇಳಿಯುವ ಬಣ್ಣ ಇತ್ತಲ್ಲ, ಅದು ಚೌಕ ಚೌಕವಾಗಿ ಒಡೆದು, ಬಚ್ಚಲಿನ ಟೈಲ್ಸ್ ಥರ ಆಗಿಬಿಟ್ಟಿತ್ತು. ಮೇಷ್ಟ್ರು ಚಾಟ್‌ನಲ್ಲಿ "ಇದೇನಪ್ಪ ಮೆಟ್ಟಿಲು ಮೆಟ್ಟಿಲು?" ಅಂತ ಕೇಳಿದ್ದರು. ಯಾವ ಸೇವೆ ಕತ್ತಲನ್ನು ಚೆನ್ನಾಗಿ ತೋರಿಸುತ್ತದೆ ಅಂತ ಯಾರಾದರೂ ಹೋಲಿಸಿ ಬರೆದಿದ್ದಾರಾ? ನನಗೆ ಒಂದೂ ಸಿಕ್ಕಿಲ್ಲ. ಪರೀಕ್ಷೆಗೆ ಎಲ್ಲರೂ ಹಾಕುವುದು ಆಟದ ವಿಡಿಯೊ, ಇಲ್ಲವೇ ಜಗಮಗ ದೀಪದ ಕೆಳಗೆ ಕೂತು ಮಾತಾಡುವ ಮುಖ.

ಅದೇ ಥರದ್ದು ಇನ್ನೊಂದು. ನೆಟ್ ನಿಧಾನ ಇರುವವರಿಗೆ ಅದೇ ಚಿತ್ರವನ್ನು ಸಣ್ಣದು ಮಾಡಿ ಕೊಡುವ ಕೆಲಸ ಇದೆಯಲ್ಲ, ಅದನ್ನು ಯೂಟ್ಯೂಬ್ ಎಲ್ಲರ ಲೈವ್‌ಗೂ ಮಾಡುತ್ತದೆ. ಟ್ವಿಚ್‌ನಲ್ಲಿ ಕಂಪನಿಯ ಜೊತೆ ಒಪ್ಪಂದ ಇರುವ 'ಪಾರ್ಟ್ನರ್' ಚಾನೆಲ್‌ನವರಿಗೆ ಖಾತ್ರಿ, ಉಳಿದವರಿಗೆ ಜಾಗ ಉಳಿದಿದ್ದರೆ. ಅಂದರೆ ಸಣ್ಣವನ ನೋಡುಗನಿಗೇ ಬಫರಿಂಗ್. ಹೊಸಬರು ಆರಿಸುವ ಮುಂಚೆ ತಿಳಿಯಬೇಕಾದ ಮೊದಲ ವಿಷಯ ಇದು. ಅದು ಅಡಿಟಿಪ್ಪಣಿಯಲ್ಲೂ ಇರುವುದಿಲ್ಲ.

ಜಾಹೀರಾತಿನ ಬಗ್ಗೆ ಒಂದೇ ಮಾತು. ಹಣ ಬೇಡ ಅಂತ ಸುಮ್ನೆ ಇರುವವರ ಚಾನೆಲ್‌ಗಳಲ್ಲೂ ಜಾಹೀರಾತು ಹಾಕುವ ಹಕ್ಕು ತನಗಿದೆ ಅಂತ ಯೂಟ್ಯೂಬ್ 2020ರ ನವೆಂಬರ್‌ನಲ್ಲಿ ಷರತ್ತು ಬದಲಿಸಿತು. ಬೆವರು ನಮ್ಮದು, ಜಾಹೀರಾತು ಅವರದು.

ಮತ್ತೆ ರೆಕಾರ್ಡಿಂಗ್. ಲೈವ್ ಮುಗಿದ ಮೇಲೆ ಅದು ಎಲ್ಲಿರುತ್ತದೆ, ಎಷ್ಟು ದಿನ? ಫೇಸ್‌ಬುಕ್ 2025ರ ಫೆಬ್ರುವರಿಯಿಂದ ಹೊಸ ಲೈವ್ ವಿಡಿಯೊಗಳನ್ನು 30 ದಿನಕ್ಕೆ ಅಳಿಸುತ್ತದೆ. ಯೂಟ್ಯೂಬ್ 12 ಗಂಟೆಗಿಂತ ಕಮ್ಮಿ ಇದ್ದರೆ ಪೂರ್ತಿ ಉಳಿಸುತ್ತದೆ. ಟ್ವಿಚ್‌ನಲ್ಲಿ ಹೊಸಬರ ಪೂರ್ತಿ ರೆಕಾರ್ಡಿಂಗ್ ಕೆಲವೇ ದಿನ. ಇದರ ಮೇಲೆ ಸೇವೆಯೇ ಮುಚ್ಚಿಹೋಗುವ ಭಯ ಬೇರೆ. 2007ರಲ್ಲಿ ಶುರುವಾದ ಜಸ್ಟಿನ್.ಟಿವಿ 2014ರಲ್ಲಿ ಮುಚ್ಚಿತು. ಮೈಕ್ರೋಸಾಫ್ಟ್‌ನ ಮಿಕ್ಸರ್ 2020ರ ಜುಲೈನಲ್ಲಿ ಹೋಯಿತು. ಟ್ವಿಟರ್‌ನ ಪೆರಿಸ್ಕೋಪ್ 2021ರ ಮಾರ್ಚ್‌ನಲ್ಲಿ. ದೊಡ್ಡ ಹೆಸರಿನವರೇ ಇವರೆಲ್ಲಾ. ಅಲ್ಲಿ ವರ್ಷಗಟ್ಟಲೆ ಜನ ಸೇರಿಸಿದ ಹವ್ಯಾಸಿಗಳು ಮತ್ತೆ ಸೊನ್ನೆಯಿಂದ ಶುರು ಮಾಡಿದರು. ಐದು ನಕ್ಷತ್ರ ಕೊಡುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನನ್ನದೂ ಒಂದು ತಪ್ಪಿದೆ, ಮುಚ್ಚಿಡುವುದಿಲ್ಲ. ಲೈವ್ ಕಳಿಸಲು ಬಳಸುವ ಓಬಿಎಸ್ ಸಾಫ್ಟ್‌ವೇರ್‌ನಲ್ಲಿ 'ರೆಕಾರ್ಡಿಂಗ್ ಶುರು' ಅನ್ನುವ ಗುಂಡಿ ಸ್ಟ್ರೀಮ್ ಗುಂಡಿಯ ಕೆಳಗೇ ಇರುತ್ತದೆ. ಹಳೇ ಲ್ಯಾಪ್‌ಟಾಪು, ಎರಡೂ ಒಟ್ಟಿಗೆ ಎಳೆಯುವುದಿಲ್ಲ ಅಂತ ಹೆದರಿ ಒತ್ತಲಿಲ್ಲ. ಸೇವೆಯವರ ಹತ್ತಿರ ಇದ್ದೇ ಇರುತ್ತದಲ್ಲ ಅಂದುಕೊಂಡೆ. ಲೈವ್ ಜೊತೆಗೆ ಅದನ್ನೂ ತೆಗೆದುಹಾಕಿದರು. ಉಳಿದ 71 ನಿಮಿಷ ಟೆಲಿಸ್ಕೋಪಿನಲ್ಲಿ ಕಣ್ಣಿಡುವ ಐಪೀಸಿಗೆ ಫೋನ್ ಹಿಡಿದು ಒಂದಷ್ಟು ಫೋಟೊ ತೆಗೆದೆ. ಕೈ ನಡುಗುತ್ತಿತ್ತು, ಅರ್ಧ ಅಲುಗಾಡಿವೆ.

ಇವತ್ತು ಬೆಳಗ್ಗೆ ಮೇಲ್ಮನವಿಗೆ ಉತ್ತರ ಬಂತು. ಎರಡು ಸಾಲು. ಆಕ್ಷೇಪಣೆ ಹಿಂತೆಗೆದುಕೊಳ್ಳಲಾಗಿದೆ, ನೀವು ಮತ್ತೆ ಲೈವ್ ಹೋಗಬಹುದು. ಕ್ಷಮಿಸಿ ಅನ್ನುವ ಒಂದು ಪದ ಇಲ್ಲ. ರೆಕಾರ್ಡಿಂಗ್ ಎಲ್ಲಿ ಅಂತ ವಾಪಸ್ ಕೇಳಿದರೆ, ಈ ವಿಳಾಸಕ್ಕೆ ಉತ್ತರ ಕಳಿಸಲು ಆಗುವುದಿಲ್ಲ ಅಂತ ಬಂತು.

ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಆವತ್ತು ಕಪ್ಪು ತೆರೆ ನೋಡುತ್ತಾ ನಲವತ್ತು ನಿಮಿಷ ಕೂತಿದ್ದರಂತೆ. ಗ್ರಹಣ ಅಂದರೆ ಹೀಗೇ ಕಪ್ಪಾಗುವುದು, ಇನ್ನೇನು ಬೆಳಕು ಬರುತ್ತದೆ ಅಂದುಕೊಂಡು.